ದಡದಲ್ಲಿ ಕಡಲಾಮೆ ಬಿದ್ದಿದ್ದು ಕಂಡರೆ

ಎಲ್ಲರಿಗೂ ನಮಸ್ಕಾರ. ಗುಂಪಿಗೆ ಹೊಸಬರು ಜಾಸ್ತಿ ಸೇರಿದ್ದೀರಿ, ಅದಕ್ಕೇ ಇದನ್ನು ಒಮ್ಮೆ ಓದಿಬಿಡಿ.

ಸುಸ್ತಾಗಿ ಬಿದ್ದ ಆಮೆಯನ್ನು ದಯವಿಟ್ಟು ಸಮುದ್ರಕ್ಕೆ ವಾಪಸ್ ತಳ್ಳಬೇಡಿ. ಪಾಪ ಅಂತಲೇ ತಳ್ಳುತ್ತಾರೆ, ಗೊತ್ತು. ಆದರೆ ಅದು ಉಸಿರಾಡುವುದು ಶ್ವಾಸಕೋಶದಿಂದ ಅಲ್ವಾ, ತಲೆ ಎತ್ತುವ ಶಕ್ತಿ ಇಲ್ಲದಿದ್ದರೆ ನೀರಲ್ಲೇ ಉಸಿರುಗಟ್ಟಿ ಸಾಯುತ್ತದೆ. ಮೊದಲು ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ, ಲೊಕೇಶನ್ ಮತ್ತು ಒಂದೆರಡು ಫೋಟೋ ಕಳಿಸಿ. ಅವರು ಬರುವವರೆಗೆ ನೆರಳು ಮಾಡಿ, ಬಿಸಿಲಿದ್ದರೆ ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮೂಗಿನ ಹೊಳ್ಳೆ ಮಾತ್ರ ಮುಚ್ಚಬೇಡಿ. ಚಳಿಗೆ ಮರಗಟ್ಟಿದ್ದಕ್ಕೆ ಒದ್ದೆ ಬಟ್ಟೆ ಬೇಡ, ಹಾಗಂತ ಒಮ್ಮೆಲೇ ಬಿಸಿ ಮಾಡುವುದೂ ಅಪಾಯ. ಅಲ್ಲಾಡುತ್ತಿಲ್ಲ ಅಂತ ಸತ್ತಿದೆ ಅಂದುಕೊಳ್ಳಬೇಡಿ, ಎಷ್ಟೋ ಸಲ ಜೀವ ಇರುತ್ತದೆ.

ಬಾಯಿಂದಲೋ ಹಿಂದಿನಿಂದಲೋ ಗಾಳದ ದಾರ ನೇತಾಡುತ್ತಿದ್ದರೆ ಎಳೆಯಲೇಬೇಡಿ. ಇನ್ನೊಂದು ತುದಿ ಒಳಗೆಲ್ಲೋ ಸಿಕ್ಕಿಕೊಂಡಿರುತ್ತದೆ, ಎಳೆದರೆ ಲಾಡಿ ಬಿಗಿದ ಪೈಜಾಮದ ಹಾಗೆ ಕರುಳು ನೆರಿಗೆಗಟ್ಟಿ ಅಲ್ಲಲ್ಲಿ ಸೀಳಿಹೋಗುತ್ತದೆ. ಎಕ್ಸ್‌ರೇ ನೋಡಿ ವೈದ್ಯರೇ ತೆಗೆಯಬೇಕು.

ತಿನ್ನಲು ಏನೂ ಕೊಡಬೇಡಿ. ಆರೈಕೆ ಕೇಂದ್ರದಲ್ಲೂ ಮೊದಲು ಡ್ರಿಪ್, ಆಮೇಲೆ ಊಟ. ಕೆಲವು ವಾರಗಳಲ್ಲಿ ಕೆಲವು ಚೇತರಿಸಿಕೊಳ್ಳುತ್ತವೆ, ಕೆಲವಕ್ಕೆ ವರ್ಷವೇ ಹಿಡಿಯುತ್ತದೆ. ಹೊಟ್ಟೆಯಲ್ಲಿ ಗಾಳಿ ತುಂಬಿ ಮುಳುಗಲಾಗದೆ ತೇಲುವಂಥವು ತಾವಾಗಿ ತಳಕ್ಕೆ ಹೋಗಿ ಆಹಾರ ಹಿಡಿಯುವವರೆಗೆ ಬಿಡುಗಡೆ ಇಲ್ಲ.

ಇನ್ನೊಂದು ವಿಷಯ. ರಾತ್ರಿ ಮರಳು ಅಗೆಯುತ್ತಿರುವ ಆಮೆ ಮೊಟ್ಟೆ ಇಡಲು ಬಂದಿರುತ್ತದೆ, ಅದಕ್ಕೆ ನಮ್ಮ ಸಹಾಯ ಬೇಕಿಲ್ಲ. ಟಾರ್ಚ್ ಆರಿಸಿ, ಸೆಲ್ಫಿಗೆ ಮುಗಿಬೀಳುವವರನ್ನು ದೂರ ನಿಲ್ಲಿಸಿ.