ಅಳಿಸಿದವರು ಕಾರಣ ಹೇಳಲಿ: ಕೇಂದ್ರ ಮಾಹಿತಿ ತಂತ್ರಜ್ಞಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕನ್ನಡದಲ್ಲಿ ನಡೆಯುವ ಒಂದು ಆನ್‌ಲೈನ್ ಚರ್ಚಾ ಗುಂಪಿನ ನಿರ್ವಾಹಕರಲ್ಲಿ ನಾನೂ ಒಬ್ಬ. ಸಂಬಳವಿಲ್ಲದ ಕೆಲಸ. ಯಾರ ಮಾತು ಉಳಿಯಬೇಕು, ಯಾರದನ್ನು ತೆಗೆಯಬೇಕು ಎಂದು ದಿನವೂ ತೀರ್ಮಾನಿಸುವ ನನ್ನಂಥವರು ದೇಶದ ಎಲ್ಲ ಭಾಷೆಗಳಲ್ಲೂ ಇದ್ದಾರೆ. ನಿಮ್ಮ ಸಚಿವಾಲಯ ರೂಪಿಸುವ ನಿಯಮಗಳು ದೊಡ್ಡ ಕಂಪನಿಗಳನ್ನು ಕಣ್ಣೆದುರಿಗಿಟ್ಟುಕೊಂಡು ಬರೆದವು. ಆದರೂ ಅವುಗಳ ಭಯ ನಮ್ಮವರೆಗೂ ಬಂದು ಮುಟ್ಟುತ್ತದೆ. ನಾನು ಕೇಳುವುದು ಇಷ್ಟು: ಒಬ್ಬರ ಬರಹವನ್ನು ಅಳಿಸುವ ಅಧಿಕಾರ ಯಾರ ಕೈಯಲ್ಲೇ ಇರಲಿ, ಕಂಪನಿಯದಾಗಲಿ, ಸರ್ಕಾರದ್ದಾಗಲಿ, ನಮ್ಮಂಥ ಸಣ್ಣ ಗುಂಪಿನದಾಗಲಿ, ಏಕೆ ಅಳಿಸಿದೆವು ಎಂದು ಬರೆದವರಿಗೆ ಅವರ ಭಾಷೆಯಲ್ಲೇ ತಿಳಿಸುವ ಹೊಣೆಯೂ ಅವರದೇ ಆಗಬೇಕು.

ಏನನ್ನೂ ಅಳಿಸಬಾರದು ಎನ್ನುವವರ ಸಾಲಿನಲ್ಲಿ ನಾನಿಲ್ಲ. ಹೆಣ್ಣುಮಗಳೊಬ್ಬಳ ಮನೆಯ ವಿಳಾಸ ಹಾಕಿ "ಹೋಗಿ ವಿಚಾರಿಸಿಕೊಳ್ಳಿ" ಎಂದು ಬರೆದದ್ದನ್ನು ಕಂಡ ತಕ್ಷಣ ತೆಗೆಯಬೇಕು. ಕೊಲೆ ಬೆದರಿಕೆಗೆ ವಾಕ್ ಸ್ವಾತಂತ್ರ್ಯದ ಹೆಸರಿಡುವವರ ಜೊತೆ ವಾದಿಸಲು ನನಗೆ ತಾಳ್ಮೆಯಿಲ್ಲ. ಯಾರೂ ನಿರ್ವಹಿಸದ ಚರ್ಚೆಯಲ್ಲಿ ಗಟ್ಟಿ ಗಂಟಲಿನವರಷ್ಟೇ ಉಳಿಯುತ್ತಾರೆ; ಉಳಿದವರು ಒಬ್ಬೊಬ್ಬರಾಗಿ, ಹೇಳದೆ ಕೇಳದೆ ಹೊರಟುಹೋಗುತ್ತಾರೆ. ನಾನು ಕಂಡಂತೆ ಮೊದಲು ಹೊರಡುವವರು ಹೆಣ್ಣುಮಕ್ಕಳು.

ಆದರೆ ಕೆಲಸದ ನಿಜವಾದ ಕಷ್ಟ ಇಂಥ ಸ್ಪಷ್ಟ ಪ್ರಕರಣಗಳಲ್ಲಿ ಇಲ್ಲ. ಜಾತಿಯ ಹೆಸರನ್ನು ಬೈಗುಳವಾಗಿ ಬಳಸಿದ ಮಾತನ್ನು ತೆಗೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. "ಶಾಲೆಯಲ್ಲಿ ನನ್ನನ್ನು ಹೀಗೆ ಕರೆಯುತ್ತಿದ್ದರು" ಎಂದು ಅದೇ ಪದವನ್ನು ಬರೆದು ಯುವಕನೊಬ್ಬ ತನ್ನ ನೋವನ್ನು ಹೇಳಿಕೊಂಡರೆ? ಅವನ ಬರಹವೂ ಅದೇ ಜರಡಿಯಲ್ಲಿ ಸಿಕ್ಕಿಬೀಳುತ್ತದೆ. ಪದವನ್ನಷ್ಟೇ ಹಿಡಿಯುವ ಯಂತ್ರಕ್ಕೆ ಬೈದವನೂ ಬೈಸಿಕೊಂಡವನೂ ಒಂದೇ. ಅವನ ಬರಹದ ಕೆಳಗೆ ಮತ್ತೊಬ್ಬರು ಬರೆಯುತ್ತಾರೆ: "ನಿಮ್ಮಂಥವರಿಗೂ ಇಷ್ಟು ಚೆನ್ನಾಗಿ ಬರೆಯಲು ಬರುತ್ತದೆ ಎಂದು ಗೊತ್ತಿರಲಿಲ್ಲ, ಸಂತೋಷವಾಯಿತು." ಒಂದೇ ಒಂದು ಕೆಟ್ಟ ಪದವಿಲ್ಲ, ಮೇಲೆ ಹೊಗಳಿಕೆಯ ವೇಷ ಬೇರೆ. ಅದು ಹಾಗೆಯೇ ಉಳಿಯುತ್ತದೆ. ಇನ್ನು ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಬೈಯುವವರು ಒಂದು ಅಕ್ಷರವನ್ನು ಅತ್ತಿತ್ತ ಮಾಡಿ ಪಾರಾಗಿಬಿಡುತ್ತಾರೆ. ಇವುಗಳನ್ನು ಬೇರ್ಪಡಿಸಿ ನೋಡಲು ಮನುಷ್ಯರೇ ಬೇಕು. ಅವರಿಗೆ ಕನ್ನಡ ಬಂದರಷ್ಟೇ ಸಾಲದು, ಆ ಮಾತು ಎಲ್ಲಿಂದ ಹುಟ್ಟಿತು, ಯಾರನ್ನು ಇರಿಯಲು ಹೊರಟಿತು ಎಂಬುದೂ ಗೊತ್ತಿರಬೇಕು.

ಆ ಯುವಕನಿಗೆ ಸಿಗುವ ಉತ್ತರ ಒಂದು ಸಾಲು: ನಿಮ್ಮ ಪೋಸ್ಟ್ ಸಮುದಾಯದ ಮಾನದಂಡಗಳನ್ನು ಉಲ್ಲಂಘಿಸಿದೆ. ಯಾವ ಮಾನದಂಡ, ಯಾವ ವಾಕ್ಯ, ತಿದ್ದಿ ಬರೆದರೆ ಉಳಿಯುತ್ತದೆಯೇ, ಒಂದೂ ತಿಳಿಯದು. ಜಾತಿಯ ಅವಮಾನದ ಬಗ್ಗೆ ಮಾತನಾಡಿದ್ದೇ ತಪ್ಪು ಎಂದು ಅವನು ಅರ್ಥ ಮಾಡಿಕೊಂಡರೆ ಅವನನ್ನು ದೂರುವಂತಿಲ್ಲ. ನಮ್ಮ ಗುಂಪಿನಲ್ಲಿ ಯಾವ ವಾಕ್ಯಕ್ಕಾಗಿ ತೆಗೆದೆವು ಎಂದು ಬರೆದವರಿಗೆ ತಿಳಿಸುತ್ತೇವೆ. ಇದು ಸಮಯ ತಿನ್ನುತ್ತದೆ, ನಿಜ. ಕೆಲವರು ಜಗಳಕ್ಕೆ ಬರುತ್ತಾರೆ. ಬರಲಿ, ಜಗಳವಾಡಲು ಅವರ ಎದುರಿಗೆ ಒಂದು ಕಾರಣವಾದರೂ ಇರುತ್ತದೆ. ಹಲವರು ಆ ವಾಕ್ಯವನ್ನು ತಿದ್ದಿ ಮತ್ತೆ ಹಾಕುತ್ತಾರೆ, ಚರ್ಚೆ ಮುಂದುವರಿಯುತ್ತದೆ.

ಸಚಿವರೇ, ನಿಮ್ಮದೇ ಸಚಿವಾಲಯದ 2021ರ ನಿಯಮಾವಳಿ ಈ ತತ್ವವನ್ನು ಅರ್ಧ ಒಪ್ಪಿಕೊಂಡಿದೆ. ದೇಶದಲ್ಲಿ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಜಾಲತಾಣವು ತಾನಾಗಿಯೇ ಒಂದು ಬರಹವನ್ನು ತೆಗೆಯುವುದಾದರೆ, 4(8)ನೇ ನಿಯಮದ ಪ್ರಕಾರ ಬರೆದವರಿಗೆ ಕಾರಣ ತಿಳಿಸಬೇಕು, ಅದನ್ನು ಪ್ರಶ್ನಿಸಲು ಅವಕಾಶ ಕೊಡಬೇಕು. ಒಳ್ಳೆಯ ನಿಯಮ. ಆದರೆ ಅದೇ ಬರಹ ಸರ್ಕಾರದ ಸೂಚನೆಯ ಮೇರೆಗೆ ಮಾಯವಾದರೆ ಈ ರಕ್ಷಣೆ ಇಲ್ಲ. ಆನ್‌ಲೈನ್ ಬರಹಗಳನ್ನು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ತಡೆದರಂತೂ, ಆ ತಡೆಗೆಂದೇ ರೂಪಿಸಿದ 2009ರ ನಿಯಮಗಳಲ್ಲಿನ 16ನೇ ನಿಯಮವು ದೂರನ್ನೂ ಕೈಗೊಂಡ ಕ್ರಮವನ್ನೂ ಗೋಪ್ಯವಾಗಿಡಬೇಕು ಎನ್ನುತ್ತದೆ.

ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ, ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವೆಂದಿದ್ದ ಅದೇ ಕಾಯ್ದೆಯ 66ಎ ಕಲಮನ್ನು ರದ್ದುಪಡಿಸಿತು, 69ಎ ಕಲಮನ್ನು ಎತ್ತಿಹಿಡಿಯಿತು. ಎತ್ತಿಹಿಡಿಯಲು ನ್ಯಾಯಾಲಯ ಗಮನಿಸಿದ ಅಂಶಗಳಲ್ಲಿ ಒಂದು ಇದು: ತಡೆಗೆ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು, ರಿಟ್ ಅರ್ಜಿಯಲ್ಲಿ ಅವುಗಳನ್ನು ಪ್ರಶ್ನಿಸಲು ಸಾಧ್ಯವಾಗಬೇಕು. ಕಾರಣವೇ ಕೈಗೆ ಸಿಗದವರು ಹೈಕೋರ್ಟಿಗೆ ಹೋಗಿ ಏನನ್ನು ಪ್ರಶ್ನಿಸಬೇಕು? 2025ರ ಅಕ್ಟೋಬರ್‌ನಲ್ಲಿ ನೀವು 2021ರ ನಿಯಮಾವಳಿಯನ್ನು ತಿದ್ದಿ, ತೆಗೆಯುವ ಸೂಚನೆಯನ್ನು ಹಿರಿಯ ದರ್ಜೆಯ ಅಧಿಕಾರಿಗಳೇ ಕೊಡಬೇಕು, ಅದರಲ್ಲಿ ಕಾನೂನಿನ ಆಧಾರ ಸ್ಪಷ್ಟವಾಗಿರಬೇಕು ಎಂದಿರಿ. ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಆ ಕಾರಣ ತಲುಪುವುದು ಕಂಪನಿಗೆ. ತನ್ನದಲ್ಲದ ಬರಹಕ್ಕಾಗಿ ಕಂಪನಿ ಸರ್ಕಾರದೊಂದಿಗೆ ಏಕೆ ಕಾದಾಡುತ್ತದೆ? ಕಾದಾಡುವ ಆಸಕ್ತಿ ಇರುವುದು ಬರೆದವರಿಗೆ, ಅವರ ಕೈಯಲ್ಲಿ ಕಾಗದವಿಲ್ಲ. ದೇಶದ ಭದ್ರತೆಗಾಗಿ ಕೆಲವು ಆದೇಶಗಳು ಗೋಪ್ಯವಾಗಿರಬೇಕಾದೀತು, ಒಪ್ಪುತ್ತೇನೆ. ಹಾಗಾದರೆ ಆ ಗೋಪ್ಯತೆ ಏಕೆ ಬೇಕೆಂದು ಪ್ರತಿ ಪ್ರಕರಣದಲ್ಲೂ ಬರೆದಿಡಲಿ. ಎಲ್ಲಕ್ಕೂ ಒಂದೇ ಬೀಗ ಹಾಕುವುದು ಬೇಡ.

ಭಾಷೆಯ ಮಾತಿಗೆ ಬರುತ್ತೇನೆ. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಜನರ ವಿರುದ್ಧ ದ್ವೇಷ ಹಬ್ಬಿದಾಗ ಫೇಸ್‌ಬುಕ್‌ನಲ್ಲಿ ಬರ್ಮೀ ಭಾಷೆ ಬಲ್ಲ ಪರಿಶೀಲಕರು ತೀರಾ ಕಡಿಮೆ ಇದ್ದರು. ತನ್ನ ವೇದಿಕೆ ಹಿಂಸೆಗೆ ಬಳಕೆಯಾಗುವುದನ್ನು ತಡೆಯಲು ಸಾಕಷ್ಟು ಮಾಡಲಿಲ್ಲ ಎಂದು ಆ ಕಂಪನಿಯೇ 2018ರಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಲಕ್ಷಾಂತರ ಜನ ಗಡಿ ದಾಟಿ ಓಡಿಹೋಗಿದ್ದರು. ಐರೋಪ್ಯ ಒಕ್ಕೂಟ 2022ರಲ್ಲಿ ತಂದ ಡಿಜಿಟಲ್ ಸೇವೆಗಳ ಕಾಯ್ದೆಯು ಅತಿ ದೊಡ್ಡ ಜಾಲತಾಣಗಳಿಗೆ ಒಂದು ಷರತ್ತು ಹಾಕಿದೆ: ಒಕ್ಕೂಟದ ಪ್ರತಿ ಅಧಿಕೃತ ಭಾಷೆಗೆ ಎಷ್ಟು ಪರಿಶೀಲಕರಿದ್ದಾರೆ ಎಂದು ಬಹಿರಂಗವಾಗಿ ವರದಿ ಮಾಡಬೇಕು. ನಮ್ಮಲ್ಲಿ ಸಂವಿಧಾನದ ಎಂಟನೇ ಅನುಸೂಚಿಯಲ್ಲೇ 22 ಭಾಷೆಗಳಿವೆ. 2021ರ ನಿಯಮಾವಳಿಯ ಪ್ರಕಾರ ದೊಡ್ಡ ಕಂಪನಿಗಳು ತಿಂಗಳಿಗೊಂದು ವರದಿಯನ್ನೂ ಕೊಡುತ್ತವೆ. ಅದಕ್ಕೆ ಭಾಷಾವಾರು ಲೆಕ್ಕವೊಂದು ಸೇರಿದರೆ ಕನ್ನಡಕ್ಕೆ ಮನುಷ್ಯರಿದ್ದಾರೋ ಬರಿಯ ಯಂತ್ರವೋ ಎಂದು ನಮಗೆ ತಿಳಿಯುತ್ತದೆ. ಆ ಮನುಷ್ಯರ ಪಾಡನ್ನೂ ನೋಡಿ. ದಿನವಿಡೀ ಕ್ರೌರ್ಯದ ದೃಶ್ಯಗಳನ್ನು ನೋಡಿ ಮಾನಸಿಕವಾಗಿ ಕುಸಿದ ಅಮೆರಿಕದ ಪರಿಶೀಲಕರಿಗೆ 2020ರಲ್ಲಿ ಫೇಸ್‌ಬುಕ್ 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ಅದೇ ಕೆಲಸ ಮಾಡುವ ನಮ್ಮ ದೇಶದವರಿಗೆ ಯಾವ ಆಸರೆ ಇದೆ ಎಂದು ನಿಮ್ಮ ಸಚಿವಾಲಯ ಕೇಳಬೇಕು.

ಕೊನೆಗೆ ನಮ್ಮಂಥ ಸ್ವಯಂಸೇವಕರ ಮಾತು. ಕಾಯ್ದೆಯಲ್ಲಿ 'ಮಧ್ಯವರ್ತಿ', ಅಂದರೆ ಬೇರೆಯವರ ಬರಹಗಳಿಗೆ ಜಾಗ ಕೊಡುವವರು, ಎಂಬುದರ ವ್ಯಾಖ್ಯೆ ವಿಶಾಲವಾಗಿದೆ. ಕೋಟ್ಯಂತರ ಬಳಕೆದಾರರ ಕಂಪನಿಯೂ ನಾಲ್ಕು ಜನ ಸೇರಿ ನಡೆಸುವ ಚರ್ಚಾ ತಾಣವೂ ಅದರೊಳಗೆ ಬರುತ್ತವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸದಸ್ಯರೊಬ್ಬರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೂ ಭಯ ಹೋಗಿಲ್ಲ, ಏಕೆಂದರೆ ಇದು ನಿಯಮದಲ್ಲಿ ಅಕ್ಷರಗಳಾಗಿ ಇಲ್ಲ. ಭಯವಿರುವ ನಿರ್ವಾಹಕರು ಓದಿ ತೂಗಿ ನೋಡುವುದಿಲ್ಲ. ಅನುಮಾನ ಬಂದದ್ದನ್ನೆಲ್ಲ ಅಳಿಸುತ್ತಾರೆ. ಅಧಿಕಾರಿಗಳ ಮೇಲಿನ ದೂರು, ಜಾತಿಯ ಅನುಭವ, ಧರ್ಮದ ಕುರಿತ ಪ್ರಾಮಾಣಿಕ ಪ್ರಶ್ನೆ ಮೊದಲು ಹೋಗುತ್ತವೆ. ಸದುದ್ದೇಶದಿಂದ, ಕಾರಣ ತಿಳಿಸಿ ಕೆಲಸ ಮಾಡುವ ಸಣ್ಣ ಗುಂಪುಗಳಿಗೆ ಸ್ಪಷ್ಟ ರಕ್ಷಣೆಯನ್ನು ಬರೆದುಕೊಡಿ. ಬದಲಿಗೆ ಕಾರಣ ಹೇಳುವ ಹೊಣೆಯನ್ನು ನಮ್ಮ ಮೇಲೂ ಹೊರಿಸಿ, ಸಂತೋಷದಿಂದ ಹೊರುತ್ತೇವೆ.

ಮುಂದಿನ ತಿದ್ದುಪಡಿಯ ಕರಡನ್ನು ನೀವು ಸಾರ್ವಜನಿಕರ ಮುಂದಿಡುವಾಗ ಅದರಲ್ಲಿ 4(8)ನೇ ನಿಯಮ ಸರ್ಕಾರದ ಸೂಚನೆಗಳಿಗೂ ವಿಸ್ತರಿಸಿರಲಿ, ಬರೆದವರ ಭಾಷೆಯಲ್ಲೇ ಕಾರಣ ಕೊಡಬೇಕೆಂಬ ಮಾತೂ ಇರಲಿ. ಆ ಕರಡು ಕನ್ನಡದಲ್ಲೂ ಪ್ರಕಟವಾಗಲಿ, ನಮ್ಮ ಆಕ್ಷೇಪಣೆಗಳನ್ನು ಕನ್ನಡದಲ್ಲೇ ಸ್ವೀಕರಿಸುವ ವ್ಯವಸ್ಥೆ ಆಗಲಿ. ಒಂದೊಂದು ಕಲಮನ್ನೂ ಓದಿ ಉತ್ತರಿಸಲು ಸಿದ್ಧರಿದ್ದೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಕನ್ನಡ ಚರ್ಚಾ ಗುಂಪೊಂದರ ನಿರ್ವಾಹಕ