ಪಿರಮಿಡ್ಡಿನ ಬುಡದಲ್ಲಿ ಕೂತವನಿಗೆ

ಉಡುಪಿ, ಭಾನುವಾರ

ಪ್ರೀತಿಯ ಆದಿತ್ಯ,

ದೊಡ್ಡಮ್ಮನ ಆಶೀರ್ವಾದ. ವಿಟ್ಲಪಿಂಡಿಗೆ ಊರಿಗೆ ಬಂದವನು ಎಲೆಯ ಮುಂದೆ ಕೂತರೂ ಲ್ಯಾಪ್‌ಟಾಪ್ ಬಿಡಲಿಲ್ಲ. "ಮೀಟಿಂಗಿನಲ್ಲಿ ಮಾತಾಡುವುದು ಲಂಡನ್ನಿನವರು, ರಾತ್ರಿ ಕೂತು ಶೀಟ್ ತುಂಬುವುದು ನಾವು. ಈ ಕೆಲಸ ಬಿಟ್ಟುಬಿಡುತ್ತೇನೆ" ಅಂದೆ ನೀನು. ಆಗ ನಿನ್ನ ಅಮ್ಮನ ಎದುರು ನಾನು ಸುಮ್ನಿದ್ದೆ. ಈಗ ಬರೆಯುತ್ತಿದ್ದೇನೆ.

ನೀನಿರುವಂಥ, ಬೇರೆ ಕಂಪನಿಗಳಿಗೆ ಸಲಹೆ ಕೊಡುವ ಕನ್ಸಲ್ಟಿಂಗ್ ಕಂಪನಿಗಳು ಬೆಳೆದದ್ದು ನಮ್ಮ ಕಡೆ ಮದುವೆ ಅಡುಗೆ ವಹಿಸಿಕೊಳ್ಳುವ ಹಾಗೆಯೇ, ಮಗಾ. ಮಾತಾಡಿ ಒಪ್ಪಿಕೊಳ್ಳುವುದು ಅಡುಗೆ ಭಟ್ಟರು. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು ಹತ್ತು ಹುಡುಗರು. ಅಲ್ಲಿಯೂ ಪಿರಮಿಡ್ಡಿನ ಹಾಗೆ ಮೇಲೆ ಪಾರ್ಟ್‌ನರ್, ಅಂದರೆ ಕಂಪನಿಯ ಪಾಲುದಾರ, ಕೆಳಗೆ ಆಗಷ್ಟೇ ಕಾಲೇಜು ಮುಗಿಸಿದವರ ಸಾಲು. ಆ ಸಾಲಿನ ಒಂದೊಂದು ಗಂಟೆಗೂ ಬಿಲ್ಲು. ಹುಡುಗರ ಸಂಬಳಕ್ಕೂ ಆ ಬಿಲ್ಲಿಗೂ ನಡುವಿನ ಅಂತರವೇ ಲಾಭ.

ಟಿಸಿಎಸ್, ಇನ್ಫೋಸಿಸ್‌ನಂಥವರು ಕೈ ಹಾಕಿದ್ದು ಅಲ್ಲಿಗೇ. ಭಟ್ಟರ ಜಾಗ ಕೇಳಲಿಲ್ಲ, ಕಾಯಿ ತುರಿಯುವ ಕೆಲಸ ಎತ್ತಿಕೊಂಡರು. 2000ನೇ ಇಸವಿ ಬಂದರೆ ಕಂಪ್ಯೂಟರುಗಳು ತಾರೀಕು ತಪ್ಪುತ್ತವೆ ಅನ್ನುವ ವೈ ಟು ಕೆ ಗಡಿಬಿಡಿಯಲ್ಲಿ ಅಮೆರಿಕದವರಿಗೆ ಅದರ ರುಚಿ ಹತ್ತಿತು. ಮಲಗುವಾಗ ಕಳಿಸಿದ್ದು ಏಳುವಾಗ ಸಿದ್ಧ, ಅದೂ ಕಡಿಮೆ ರೇಟಿಗೆ. 2004ರಲ್ಲಿ ಇನ್ಫೋಸಿಸ್ ಅಮೆರಿಕದಲ್ಲೇ ಕನ್ಸಲ್ಟಿಂಗ್ ಕಂಪನಿ ತೆರೆಯಿತು. ಭಟ್ಟರಿಗೂ ಬಿಸಿ ತಟ್ಟಿತು ನೋಡು. ಅಷ್ಟರಲ್ಲಿ ಭಟ್ಟರ ಸಾಲಿನ ಅಕ್ಸೆಂಚರ್, ಐಬಿಎಂ ತಾವೇ ಬೆಂಗಳೂರಿಗೆ ಬಂದು ಜನ ತೆಗೆದುಕೊಳ್ಳತೊಡಗಿದ್ದವು. ಈಗ ಅಕ್ಸೆಂಚರ್‌ನಲ್ಲಿ ಬೇರೆ ಯಾವ ದೇಶದವರಿಗಿಂತಲೂ ಇಲ್ಲಿನವರೇ ಜಾಸ್ತಿ. ನಿನ್ನ ಕುರ್ಚಿ ಹುಟ್ಟಿದ್ದೂ ಹಾಗೆಯೇ.

ನನ್ನ ಕಥೆಯೊಂದು ಹೇಳುತ್ತೇನೆ. ನಿನ್ನ ಅಮ್ಮನಿಗೂ ಗೊತ್ತಿಲ್ಲ. 2002ರ ಸುಮಾರಿಗೆ ಮಂಗಳೂರಿನ ನನ್ನ ಆಫೀಸಿಗೆ ಅಮೆರಿಕದ ಒಂದು ಗೋದಾಮಿನ ಸ್ಟಾಕ್ ಲೆಕ್ಕದ ಕೆಲಸ ಬಂತು. ಎದುರಿಗೆ ದೊಡ್ಡ ಹೆಸರಿನ ಕನ್ಸಲ್ಟೆಂಟರು, ಹಿಂದೆ ನಾವು. ಗಿರಾಕಿಗಳು ವಾಪಸ್ ಕೊಟ್ಟ ಮಾಲನ್ನೂ ಮಾರುವ ಸ್ಟಾಕಿಗೆ ಸೇರಿಸಿ ಅಂತ ಅವರು ಬರೆದುಕೊಟ್ಟಿದ್ದರು. ಒಡೆದದ್ದು, ಕೆಟ್ಟದ್ದು ಎಲ್ಲ ಅದರಲ್ಲೇ! ಮೊದಲ ದಿನವೇ ನನಗೆ ಗೊತ್ತಾಯಿತು. ಸಂಜೆ ಏಳೂವರೆಯ ಕಾಲ್‌ನಲ್ಲಿ ಮಾತು ಬಾಯಿಯ ತನಕ ಬಂತು. ನನ್ನ ಇಂಗ್ಲಿಷ್ ಕೇಳಿ ನಕ್ಕರೆ ಅಂತ ನುಂಗಿಕೊಂಡೆ. ಅವರು ಬರೆದ ಹಾಗೆಯೇ ಮಾಡಿ ಕೊಟ್ಟೆವು. ಮೂರು ತಿಂಗಳಲ್ಲಿ ಅಲ್ಲಿ ಇಲ್ಲದ ಮಾಲಿಗೆಲ್ಲ ಆರ್ಡರ್ ಹಿಡಿದು ರಂಪ ಆಯಿತು. ಸರಿಪಡಿಸಲು ಅದೇ ಕನ್ಸಲ್ಟೆಂಟರು ಬಂದರು, ಅದಕ್ಕೂ ಬಿಲ್ಲು ಹಾಕಿದರು. ನಮಗೆ ಸಿಕ್ಕಿದ್ದು ಎರಡು ವಾರ ರಾತ್ರಿ ಪಾಳಿ.

ಅವರದ್ದು ತಪ್ಪು, ಸರಿ. ಆದರೆ ಗೊತ್ತಿದ್ದೂ ಬಾಯಿ ಮುಚ್ಚಿ ಕೂತವಳು ನಾನಲ್ವಾ?

ನಿನ್ನ ಕಾಲ ಇನ್ನೂ ಇಕ್ಕಟ್ಟಿನದು. ಕನ್ಸಲ್ಟೆಂಟರೂ ಬೇಡ, ಹೊರಗಿನವರೂ ಬೇಡ ಅಂತ ವಿದೇಶಿ ಕಂಪನಿಗಳು ಇಲ್ಲಿ ಸ್ವಂತ ಸೆಂಟರ್ ತೆರೆಯುತ್ತಿವೆ. ದೇಶದಲ್ಲಿ ಅಂಥವು 1,700ಕ್ಕೂ ಜಾಸ್ತಿ ಇವೆ. ಸ್ಲೈಡ್ ಮಾಡಲು ಎಐ ಬಂದು ಕೂತಿದೆ. ಕಡಿಮೆ ಸಂಬಳಕ್ಕೆ ಸಿಗುತ್ತಾನೆ ಅನ್ನುವುದೊಂದೇ ನಿನ್ನ ಗುಣವಾದರೆ, ನಿನಗಿಂತ ಅಗ್ಗದ್ದು ಸಿಕ್ಕಿದ ದಿನ ನಿನ್ನ ಕೆಲಸ ಹೋಯಿತು. ಲಂಡನ್ನಿನವರ ಮೇಲೆ ಸಿಟ್ಟು ಮಾಡಿಕೊಂಡು ಏನೂ ಪ್ರಯೋಜನವಿಲ್ಲ, ಮಾರಾಯ.

ಬಿಡುವ ಮಾತು ಮಾರ್ಚ್ ತನಕ ಬೇಡ. ಅಷ್ಟರಲ್ಲಿ ಶೀಟ್ ಕೈಗೆ ಬಂದಾಗೆಲ್ಲ ಇದನ್ನು ಓದುವವರು ಯಾರು, ಓದಿ ಏನು ಮಾಡುತ್ತಾರೆ ಅಂತ ವಿಚಾರಿಸು. ಸರಿ ಕಾಣದ್ದನ್ನು ಕಾಲ್‌ನಲ್ಲೇ ಕೇಳು. ಭಾಷೆ ತೊದಲಿದರೆ ತೊದಲಲಿ. ಒಂದು ಸಲವಾದರೂ ಗ್ರಾಹಕನ ಜಾಗಕ್ಕೆ ಕಳಿಸಿ ಅಂತ ಮ್ಯಾನೇಜರನ್ನು ಪೀಡಿಸು. ಗೋದಾಮಿನೊಳಗೆ ಒಂದು ಸುತ್ತು ಹಾಕಿದ್ದರೆ ಆ ಒಡೆದ ಮಾಲಿನ ವಿಷಯ ಯಾವ ಕನ್ಸಲ್ಟೆಂಟಿಗೂ ಕಾಣುತ್ತಿತ್ತು.

ಅಂದ ಹಾಗೆ, ನಿನ್ನ ಅಮ್ಮನಿಗೆ ಫೋನ್ ಮಾಡು. ರಾತ್ರಿ ಎರಡು ಗಂಟೆಗೆ ನೀನು ವಾಟ್ಸಾಪ್‌ನಲ್ಲಿ ಇದ್ದದ್ದನ್ನು ನೋಡಿದ್ದಾಳೆ. ಅವಳೂ ಮಲಗಿರಲಿಲ್ಲ.

ನಿನ್ನ,
ದೊಡ್ಡಮ್ಮ