ಇನ್‌ಲ್ಯಾಂಡ್ ಲೆಟರಿನ ಮಡಿಕೆಲಿದ್ದ ಸಾಲು

ಅಪ್ಪೀ,

ನಿನ್ನ ಲೆಟರ್ ಬಂತು. ಪೋಸ್ಟಲ್ಲಿ ಕೆಲಸ ಮಾಡೋನು ಇನ್‌ಲ್ಯಾಂಡಲ್ಲೇ ಬರೆದ ಅಂತ ಖುಷಿಯಾಗಿ ಎರಡು ಸಲ ಓದ್ದೆ, ಮೂರನೇ ಸಲ ಓದೋವಾಗ ಅಂಟಿನ ಮಡಿಕೆ ಹತ್ರ ಸಣ್ಣಕ್ಷರದಲ್ಲಿ ಬರೆದಿದ್ದು ಕಣ್ಣಿಗೆ ಬಿತ್ತು. "ಹೊಸ ಖಾತೆ ಟಾರ್ಗೆಟ್ ಆಗ್ಲಿಲ್ಲ ಅತ್ತೆ, ಆರು ಜನದ ಆರ್‌ಡಿ ಕಂತು ನನ್ನ ಕೈಯಿಂದಲೇ ಹಾಕ್ದೆ, ಹಿಂಗೇ ಆದ್ರೆ ಎಲ್ಲಿಗೆ ಹೋಗಿ ಮುಟ್ಟುತ್ತೋ ಹೆದ್ರಿಕೆ." ಅದರ ಕೆಳಗೆ ನಾಲ್ಕು ಜನದ ಹೆಸರು, ಅಷ್ಟೇ. ಮಳೆ, ತೋಟ, ಕೊಳೆರೋಗ ಎಲ್ಲ ದಪ್ಪಕ್ಷರದಲ್ಲಿ ಬರೆದು ಇದೊಂದನ್ನ ಮಡಿಕೆ ಒಳಗೆ ತುರುಕಿದೀಯಲ್ಲ ಮಾರಾಯ, ಅದಕ್ಕೇ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ. ಪೆನ್ ಹಿಡಿದ್ರೆ ಕೈ ನಡುಗುತ್ತೆ, ಮೊಬೈಲಲ್ಲಿ ಒತ್ತುತಾ ಕೂತಿದೀನಿ, ಅಕ್ಷರ ತಪ್ಪಿದ್ರೆ ಸರಿ ಮಾಡ್ಕೊಂಡು ಓದು.

ಇಲಾಖೆ ಮೇಲೆ ನಂಗೆ ಸಿಟ್ಟಿಲ್ಲ, ಅದು ಮೊದ್ಲೇ ಹೇಳ್ಬಿಡ್ತೀನಿ. ದೇಶದಲ್ಲಿ 1.6 ಲಕ್ಷಕ್ಕೂ ಮಿಕ್ಕಿ ಪೋಸ್ಟಾಫೀಸು, ಹತ್ತಕ್ಕೆ ಒಂಬತ್ತು ಹಳ್ಳಿಲೇ ಇರೋದು, ಕಾಗದ ಬರ್ಲಿ ಬಿಡ್ಲಿ ಬೆಳಿಗ್ಗೆ ಬಾಗ್ಲು ತೆಗೀಲೇಬೇಕು. ಬರೀ ಕಾಗದ ನಂಬ್ಕೊಂಡು ಕೂತ್ರೆ ನಡೆಯಲ್ಲ ಅಂತ ಉಳಿತಾಯ, ವಿಮೆ, ಪಾರ್ಸೆಲ್ ಅಂತ ತಿರುಗಿದಾರೆ, ಸರಿಯಾಗೇ ಇದೆ. 2018ರ ಸೆಪ್ಟೆಂಬರ್ 1ಕ್ಕೆ ಪೋಸ್ಟಿನ ಪೇಮೆಂಟ್ಸ್ ಬ್ಯಾಂಕ್ ಶುರುವಾದಾಗ ನಂಗೆ 60, ಈ ವಯಸ್ಸಲ್ಲಿ ಎಂತ ಮಿಷಿನ್ ಅಂತ ಗೊಣಗಿದ್ದೆ. ಆಮೇಲೆ ಕೆಳಮನೆ ಅಜ್ಜಿ ನಮ್ಮ ಜಗಲಿಲೇ ಕೂತು ಪೆನ್ಶನ್ ತಗೊಳ್ಳೋದು ನೋಡಿದ ಮೇಲೆ ಗೊಣಗೋದು ಬಿಟ್ಟೆ. ಅಡಿಕೆ ಸುಲಿದೂ ಸುಲಿದೂ ಅವ್ಳ ಹೆಬ್ಬೆರಳಲ್ಲಿ ಗೆರೆನೇ ಇರ್ಲಿಲ್ಲ, ಮಿಷಿನ್ ಒಪ್ತಿರ್ಲಿಲ್ಲ, ಸೆರಗಲ್ಲಿ ಒರೆಸಿ ಒರೆಸಿ ಒಂದೊಂದೇ ಬೆರಳು ಇಡ್ತಿದ್ಲು, ಕೊನೆಗೆ ಎಡಗೈ ಉಂಗುರದ ಬೆರಳಿಗೆ ದುಡ್ಡು ಬಂತು, "ಇದು ಕೆಲಸ ಕಮ್ಮಿ ಮಾಡಿದ ಬೆರಳು" ಅಂತ ನಕ್ಕಿದ್ಲು. ಅಂಥವ್ರಿಗೆ ಖಾತೆ ಮಾಡ್ಸಿ ಅಂತ ಮೇಲಿನವರು ಹೇಳಿದ್ರೆ ತಪ್ಪೇನಿಲ್ಲ. ಆದ್ರೆ ಯಾರೂ ಇಲ್ದೇ ಇರೋ ಕಡೆ ನೀನೇ ದುಡ್ಡು ಹಾಕಿ ಖಾತೆ ಹುಟ್ಟಿಸಿದ್ರೆ ಅದು ಯಾರ ಉಳಿತಾಯ?

ನಮ್ಮ ಕಾಲದಲ್ಲಿ ಹೇಳೋಕೆ ಆಫೀಸು, ನೋಡೋಕೆ ಜಗಲಿ. 1984ರಲ್ಲಿ ನಾನು ಪೋಸ್ಟಿಗೆ ಸೇರೋವಾಗ ನಮ್ಮನ್ನ ಇ.ಡಿ., ಅಂದ್ರೆ ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಅಂತಿದ್ರು, ನೀವೆಲ್ಲ ಈಗ ಗ್ರಾಮೀಣ ಡಾಕ್ ಸೇವಕರು. ಒಂದು ಮರದ ಪೆಟ್ಟಿಗೆ, ಒಂದು ತಕ್ಕಡಿ, ಅರಗು, ತಾರೀಖಿನ ಸೀಲು. ಬಸ್ಸಲ್ಲಿ ಬ್ಯಾಗ್ ಬರೋದು, ಮಳೆಗಾಲದಲ್ಲಿ ಮರ ಬಿದ್ರೆ ಅದೂ ಇಲ್ಲ. ರಿಜಿಸ್ಟರ್ ಬಂದ್ರೆ ಊರಿಗೇ ಗೊತ್ತಾಗ್ತಿತ್ತು. ಈಗ ಆ ರಿಜಿಸ್ಟರ್ಡ್ ಪೋಸ್ಟೇ 2025ರಲ್ಲಿ ಸ್ಪೀಡ್ ಪೋಸ್ಟ್ ಒಳಗೆ ಸೇರ್ಕೊಂತು, 1898ರ ಪೋಸ್ಟಾಫೀಸ್ ಕಾಯ್ದೆ ಹೋಗಿ 2023ರ ಕಾಯ್ದೆ ಬಂತು. ಎಲ್ಲಿಂದ ಎಲ್ಲಿಗೋ ಹೋದೆ ನೋಡು. ಆರು ಆರ್‌ಡಿ ಮಾತಿಗೆ ಬರ್ತೀನಿ.

ತಿಂಗಳಿಗೆ 100 ಅಂದ್ರೂ ಆರಕ್ಕೆ 600. ಆರ್‌ಡಿ ಒಂದು ಕಂತಿಗೆ ಮುಗಿಯಲ್ಲಪ್ಪ, 60 ಕಂತು, ಲೆಕ್ಕ ಹಾಕಿದ್ರೆ 36,000 ಆಗುತ್ತೆ, ನೀನು ಟಿಆರ್‌ಸಿಎ ಅಂತ ತಿಂಗಳಿಗೆ 12,000ದ ಮೂಲ ಭತ್ಯೆ, ಅದ್ರ ಮೇಲೆ ಡಿಎ ತಗೊಳ್ಳೋ ಹುಡುಗ. ಕಟ್ಟದಿದ್ರೆ 100ಕ್ಕೆ 1 ರೂಪಾಯಿ ಲೆಕ್ಕದಲ್ಲಿ ದಂಡ, 4 ಕಂತು ತಪ್ಪಿದ್ರೆ ಖಾತೆನೇ ನಿಲ್ಲುತ್ತೆ. ಆಗ ಮತ್ತೆ ಹೊಸ ಟಾರ್ಗೆಟ್ಟು, ಮತ್ತೆ ಹೊಸ ಆರು. ದುಡ್ಡು ಹೋಗುತ್ತೆ ಅಂತ ನಂಗೆ ಚಿಂತೆ ಅಲ್ಲ. ನಿನ್ನ ಪರ್ಸು, ಸರ್ಕಾರದ ಪೆಟ್ಟಿಗೆ, ಇವೆರಡರ ನಡುವೆ ನೀನೊಂದು ದಾರಿ ಮಾಡಿದೀಯ. ಈಗ ಪರ್ಸಿಂದ ಪೆಟ್ಟಿಗೆಗೆ ಹೋಗ್ತಿದೆ, ಪುಣ್ಯದ ಕೆಲಸದ ಥರ ಕಾಣುತ್ತೆ. ಆ ದಾರಿ ವಾಪಸ್ಸೂ ಬರುತ್ತೆ ಅಪ್ಪಿ.

ನಂಗೆ ಹೆಂಗೆ ಗೊತ್ತು ಅಂದ್ರೆ, ಇದನ್ನ ನಿನ್ನಪ್ಪಂಗೂ ಹೇಳಿಲ್ಲ. ನಾನೂ ಹಿಂಗೇ ನಾಲ್ಕು ಜನದ್ದು ತಿಂಗಳಿಗೆ 10 ರೂಪಾಯಿ ಕೈಯಿಂದ ಕಟ್ತಿದ್ದೆ, ಅಡಿಕೆ ಮಾರಿದ ಮೇಲೆ ಕೊಡ್ತೀವಿ ಅಂದಿದ್ರು, ಇಬ್ರು ಕೊಟ್ರು, ಇಬ್ರು ಕೊಡ್ಲಿಲ್ಲ. 1991ರ ಮಳೆಗಾಲ. ಮನೇಲಿ ಅಕ್ಕಿ ತರೋಕೂ ಕಾಸಿರ್ಲಿಲ್ಲ, ಮಾವಯ್ಯಂಗೆ ಔಷಧಿ ಬೇರೆ. ಗುಡ್ಡದಾಚೆ ಒಬ್ಬ ಹೆಂಗಸಿಗೆ ಮಗ ಬೊಂಬಾಯಿ ಹೋಟೆಲಿಂದ 200 ರೂಪಾಯಿ ಮನಿಯಾರ್ಡರ್ ಕಳ್ಸಿದ್ದ. ಪೋಸ್ಟಿಗೆ ನಂದೂ ಇಷ್ಟು ಹೋಗಿದೆಯಲ್ಲ, ಹತ್ತು ದಿನ ತಡೆದು ಕೊಟ್ರೆ ಎಂತಾಗುತ್ತೆ ಅಂತ ತಗೊಂಡೆ. ನೋಡು, "ನಂದೂ ಹೋಗಿದೆಯಲ್ಲ", ಆ ಮಾತೇ.

ಆ ಹೆಂಗಸು ಗೊರಬು ಹಾಕ್ಕೊಂಡು, ಕಾಲಿಗೆ ಉಂಬಳ ಹತ್ತಿಸ್ಕೊಂಡು, ಮೂರು ಸಲ ಬಂದ್ಲು. ಮೂರು ಸಲವೂ "ಬಂದಿಲ್ಲ" ಅಂದೆ. ಎರಡನೇ ಸಲ ಜಗಲಿ ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ಲು, ಕಾಲಿಂದ ರಕ್ತ ಸೋರಿ ಮೆಟ್ಟಿಲ ಮೇಲೆ ನೀರಲ್ಲಿ ಕಲೆಸಿ ಹೋಗ್ತಿತ್ತು, ನಾನು ತಲೆ ತಗ್ಸಿ ಸುಮ್‌ಸುಮ್ನೆ ಜರ್ನಲ್ ಬರೀತಿದ್ದೆ. ನಾಲ್ಕನೇ ಸಲ ಬಂದಾಗ ಸಾಲ ಮಾಡಿ ತಂದ ದುಡ್ಡು ಎಣಿಸಿ ಕೊಟ್ಟೆ. ಅವ್ಳು ಬಾಳೆಲೆಲಿ ಕಟ್ಟಿದ್ದ ಕಳಲೆ ನನ್ನ ಟೇಬಲ್ ಮೇಲೆ ಇಟ್ಲು, ನೀವಿದ್ದಿದ್ದಕ್ಕೆ ಬಂತು ಅಮ್ಮಾ ಅಂದ್ಲು. ಆವತ್ತು ಮನೇಲಿ ಕಳಲೆ ಪಲ್ಯ ಮಾಡಿದ್ರು, ನಂಗೆ ಗಂಟಲಲ್ಲಿ ಇಳೀಲಿಲ್ಲ.

ಯಾರಿಗೂ ಗೊತ್ತಾಗ್ಲಿಲ್ಲ. ತಪಾಸಣೆಗೆ ಓವರ್‌ಸಿಯರ್ ಬಂದು ಕ್ಯಾಶ್ ಎಣಿಸಿದ್ರು, ತಾಳೆ ಆಯ್ತು, ಸೈನ್ ಹಾಕಿ ಕಾಫಿ ಕುಡ್ಕೊಂಡು ಹೋದ್ರು. ಸಿಕ್ಕಿಬಿದ್ದಿದ್ರೆ ಪುಟ್ ಆಫ್ ಅಂತ ಕೆಲಸದಿಂದ ತಡೆದು ಮನೆಲಿ ಕೂರಿಸ್ತಿದ್ರು. 2023ರಲ್ಲಿ ರಿಟೈರ್ ಆದಾಗ ಶಾಲು ಹೊದೆಸಿ ಒಂದು ಕಪ್ಪುಚುಕ್ಕೆ ಇಲ್ಲದ ಸರ್ವಿಸ್ ಅಂದ್ರು, ನೀವೆಲ್ಲ ಚಪ್ಪಾಳೆ ತಟ್ಟಿದ್ರಿ, ನಾನು ಫೋಟೋದಲ್ಲಿ ಯಾಕೆ ಹಂಗೆ ಮುಖ ಮಾಡಿದೀನಿ ಅಂತ ನೀನೇ ಕೇಳಿದ್ದೆ.

ಹಂಗಾಗಿ ಹೆದ್ರಿಕೆ ಆಗಿದೆ ಅಂತ ನೀನು ಬರೆದಿದ್ದು ಒಳ್ಳೇದೇ ಆಯ್ತು. ನಂಗೆ ಆಗ ಹೆದ್ರಿಕೆ ಆಗಿರ್ಲಿಲ್ಲ.

ಎಂತ ಮಾಡ್ಬೇಕು ಅಂತ ಹೇಳೋ ಯೋಗ್ಯತೆ ನಂಗೆಷ್ಟಿದೆಯೋ, ಆದ್ರೂ ಹೇಳ್ತೀನಿ. ಆ ಆರು ಜನದ ಮನೆಗೆ ಹೋಗಿ ಪಾಸ್‌ಬುಕ್ ಅವ್ರ ಕೈಗೇ ಕೊಡು, ಮುಂದೆ ಕಟ್ತೀರಾ ಇಲ್ವಾ ಕೇಳು, ಇಲ್ಲ ಅಂದ್ರೆ ಅಲ್ಲಿಗೇ ಬಿಡು, ನಿನ್ನ 100 ಹೋದ್ರೆ ಹೋಗ್ಲಿ. ಸಾಹೇಬ್ರಿಗೆ ಇಷ್ಟೇ ಆಯ್ತು ಸಾರ್ ಅಂತ ಹೇಳು, ಬೈತಾರೆ, ಬೈಸ್ಕೋ. ಟಾರ್ಗೆಟ್ಟಿಗೆ ಮಳೆಗಾಲದಲ್ಲಿ ಅಲೀಬೇಡ, ಆಗ ಯಾರ ಹತ್ರನೂ ದುಡ್ಡಿರಲ್ಲ, ಅಡಿಕೆ ಮಂಡಿಯಿಂದ ಬರೋ ದಿನ ನೋಡ್ಕೊಂಡು ಹೋಗು. ಅಂಗನವಾಡಿ ಟೀಚರಮ್ಮನ್ನ ಕೇಳಿದ್ರೆ 10 ವರ್ಷದೊಳಗಿನ ಹೆಣ್ಣುಮಕ್ಕಳಿರೋ ಮನೆ ಹೇಳ್ತಾರೆ, ಸುಕನ್ಯಾ ಸಮೃದ್ಧಿ ಖಾತೆಗೆ ವರ್ಷಕ್ಕೆ 250 ಕಟ್ಟಿದ್ರೂ ನಡೆಯುತ್ತೆ, ಅದನ್ನ ಅಪ್ಪ ಅಮ್ಮ ಬಿಡಲ್ಲ. ಇದೆಲ್ಲ ನಿಂಗೆ ಗೊತ್ತಿರೋದೇ ಇರ್ಬೇಕು.

ಇನ್ನೊಂದು, ಪರ್ಸನ್ನ ಕ್ಯಾಶ್ ಪೆಟ್ಟಿಗೆ ಇರೋ ರೂಮಲ್ಲಿ ಇಡ್ಬೇಡ. ಅಡುಗೆಮನೆಲಿ ಇಡು. ನಗ್ಬೇಡ, ಆ ಮಳೆಗಾಲದಿಂದ ರಿಟೈರ್ ಆಗೋವರೆಗೂ ನಾನು ಅಕ್ಕಿ ಡಬ್ಬಿಲೇ ಇಟ್ಟಿದ್ದು.

ನಾಲ್ಕು ಜನದ ಹೆಸರು ಬರೆದಿದೀಯ, ಇನ್ನೆರಡು ಯಾರ್ದು ಅಂತ ಬರೆದಿಲ್ಲ. ನಿಂದೇನಾ? ಬರಿ.

ನಿನ್ನ ಅತ್ತೆ
ವಿನೋಬನಗರ, ಶಿವಮೊಗ್ಗ